ಉಪ್ಪನ ಲುಂಗಿಯೂ ಪ್ಯಾರಿಸಿನ ‘ರೆಸಾರ್ಟ್’ ಬಟ್ಟೆಯೂ

ಕಳೆದ ನವೆಂಬರಿನಲ್ಲಿ ದುಬೈಯ ಮಾಲ್ ಒಂದರಲ್ಲಿ ಕೆಲಸ ಮಾಡುವ ನನ್ನ ಚಿಕ್ಕಮ್ಮನ ಮಗಳು ವಾಟ್ಸ್‌ಆ್ಯಪ್‌ನಲ್ಲಿ ಕೆಲವು ಫೋಟೊ ಕಳಿಸಿದಳು. ಗಾಜಿನ ಹಿಂದೆ ನಿಂತ ಗೊಂಬೆಗಳು. ಮೈಮೇಲೆ ತೆಳು ಲಿನನ್ ಪ್ಯಾಂಟು, ಉದ್ದ ತೋಳಿನ ಸಡಿಲ ಅಂಗಿ, ತಲೆಗೆ ಹುಲ್ಲಿನ ಟೋಪಿ. ಪಕ್ಕದಲ್ಲಿ ‘ರೆಸಾರ್ಟ್ ಕಲೆಕ್ಷನ್’ ಎಂಬ ಬೋರ್ಡು. ಉಮ್ಮ ಕನ್ನಡಕ ಸರಿಮಾಡಿ ನೋಡಿ, “ನಮ್ಮ ಬೇಕಲದಲ್ಲೂ ರೆಸಾರ್ಟ್ ಉಂಟಲ್ಲ, ಅಲ್ಲಿಗೆ ಹೋಗ್ಲಿಕ್ಕೆ ಬೇರೆಯೇ ಬಟ್ಟೆ ಬೇಕಾ?” ಎಂದು ಕೇಳಿದರು.

ಪ್ರಶ್ನೆ ಸರಿಯಾದದ್ದೇ. ನಮ್ಮ ಹುಡುಗ ಹುಡುಗಿಯರು ದಿನಾ ಇನ್‌ಸ್ಟಾಗ್ರಾಮಿನಲ್ಲಿ ‘ರೆಸಾರ್ಟ್’, ‘ಕ್ರೂಸ್’ ಅಂತ ನೋಡ್ತಾರೆ. ಅದೇನೆಂದು ಕೇಳಿದರೆ, ಬೀಚಿಗೆ ಹಾಕುವ ಬಟ್ಟೆ ಎನ್ನುತ್ತಾರೆ. ಒಂದು ಕಾಲಕ್ಕೆ ಆ ಉತ್ತರ ಸರಿಯಿತ್ತು. ಯುರೋಪು, ಅಮೆರಿಕದ ಶ್ರೀಮಂತರು ಚಳಿಗಾಲದಲ್ಲಿ ಹಿಮ ಬೀಳುವ ಊರು ಬಿಟ್ಟು ಹಡಗಿನಲ್ಲೋ ರೈಲಿನಲ್ಲೋ ಬೆಚ್ಚಗಿನ ಕಡಲ ತೀರಕ್ಕೆ ಹೋಗುತ್ತಿದ್ದರು. ಹೊರಗೆ ಚಳಿ, ಅಂಗಡಿಯಲ್ಲಿ ಬರೀ ಉಣ್ಣೆ ಕೋಟು. ಹಗುರ ಬಟ್ಟೆ ಎಲ್ಲಿಂದ ತರುವುದು? ಕೊಕೊ ಶನೆಲ್ ಇಂಥ ಗಿರಾಕಿಗಳಿಗಾಗಿಯೇ 1919ರಲ್ಲಿ ಬಟ್ಟೆ ಮಾಡಿಕೊಟ್ಟರು ಎಂದು ಶನೆಲ್ ಕಂಪೆನಿ ಹೇಳಿಕೊಳ್ಳುತ್ತದೆ. ಹಡಗಿನ ಪ್ರವಾಸದಿಂದಲೇ ‘ಕ್ರೂಸ್’ ಎಂಬ ಹೆಸರು ಬಂತು.

ಈಗ ಹಡಗು ಹತ್ತುವವರಿಗಿಂತ ಅಂಗಡಿಯ ಲೆಕ್ಕ ಮುಖ್ಯ. ದೊಡ್ಡ ಫ್ಯಾಶನ್ ಕಂಪೆನಿಗಳ ಮಹಿಳಾ ಉಡುಪಿನ ಪ್ರಧಾನ ಪ್ರದರ್ಶನಗಳು ವರ್ಷಕ್ಕೆ ಎರಡು: ಫೆಬ್ರವರಿ-ಮಾರ್ಚ್ ಹೊತ್ತಿಗೆ ಒಂದು, ಸೆಪ್ಟೆಂಬರ್-ಅಕ್ಟೋಬರಿಗೆ ಇನ್ನೊಂದು. ನಡುವೆ ಮೇ-ಜೂನ್‌ನಲ್ಲಿ ತೋರಿಸುವುದು ಕ್ರೂಸ್. ಅದು ಅಂಗಡಿಗೆ ಬರುವುದು ನವೆಂಬರ್ ಸುಮಾರಿಗೆ. ಚಳಿಗಾಲದ ಸರಕು ರಿಯಾಯಿತಿಗೆ ಇಳಿಯುವಾಗಲೂ ಇದು ಪೂರ್ತಿ ಬೆಲೆಯಲ್ಲಿ ಕೂತಿರುತ್ತದೆ, ಮುಂದಿನ ಬೇಸಿಗೆಯವರೆಗೂ ಮಾರಾಟವಾಗುತ್ತದೆ. ವೇದಿಕೆಯ ವಿಚಿತ್ರ ವೇಷ ಇದರಲ್ಲಿ ಕಡಿಮೆ, ಮನುಷ್ಯರು ನಿಜವಾಗಿ ಹಾಕಬಹುದಾದ ಪ್ಯಾಂಟು, ಅಂಗಿ, ಗೌನು ಜಾಸ್ತಿ. ಕಂಪೆನಿಗಳಿಗೆ ದುಡ್ಡು ತರುವುದು ಇಂಥ ಬಟ್ಟೆಯೇ.

ಇನ್ನೊಂದು ಕಾರಣವೂ ಉಂಟು. ಚಳಿಗಾಲವೇ ಇಲ್ಲದ ಊರಿನವರ ಕೈಗೆ ದುಡ್ಡು ಬಂತು. ದುಬೈ, ದೋಹಾ, ಸಿಂಗಾಪುರದವರಿಗೆ ಉಣ್ಣೆಯ ಕೋಟು ಯಾಕೆ? ಶನೆಲ್ ತನ್ನ ಕ್ರೂಸ್ ಪ್ರದರ್ಶನವನ್ನು 2013ರಲ್ಲಿ ಸಿಂಗಾಪುರಕ್ಕೆ, 2014ರ ಮೇ ತಿಂಗಳಲ್ಲಿ ದುಬೈಗೆ ಒಯ್ದದ್ದು ಸುಮ್ಮನೆ ಅಲ್ಲ. ದುಬೈಯದ್ದು ಕಡಲಿನ ನಡುವೆ ಕಟ್ಟಿದ ದ್ವೀಪವೊಂದರಲ್ಲಿ ನಡೆಯಿತು. ಆ ವೀಡಿಯೊ ನಾನು ಎರಡು ಸಲ ನೋಡಿದ್ದೇನೆ. ಉದ್ದ ತೋಳಿನ ಟ್ಯೂನಿಕ್ಕುಗಳು, ಅಗಲ ಪ್ಯಾಂಟುಗಳು ನಿಜಕ್ಕೂ ಚೆಂದ. ನಮ್ಮ ಹೆಣ್ಣುಮಕ್ಕಳು ಒಂದು ಪಿನ್ನೂ ಚುಚ್ಚದೆ ಹಾಗೇ ಹಾಕಬಹುದಾದಂಥವು. ಆದರೆ ಪೆಟ್ರೋಲ್ ಕ್ಯಾನಿನ ಆಕಾರದ ಆ ಬ್ಯಾಗು ಕಂಡಾಗ ನಗು ಬಂತು, ಸ್ವಲ್ಪ ಸಿಟ್ಟೂ ಬಂತು. ಅರಬರು ಅಂದ್ರೆ ಪೆಟ್ರೋಲು, ಇಷ್ಟೇನಾ? ಎರಡು ವರ್ಷದ ಮೇಲೆ, 2016ರ ಜನವರಿಯಲ್ಲಿ, ಡಾಲ್ಚೆ ಮತ್ತು ಗಬ್ಬಾನಾ ಅಬಾಯ, ಹಿಜಾಬಿನ ಸಂಗ್ರಹವನ್ನೇ ತಂದಿತು. ಅದೇ ವರ್ಷದ ಆಗಸ್ಟಿನಲ್ಲಿ ಫ್ರಾನ್ಸಿನ ಕಾನ್ ಸೇರಿ ಕೆಲವು ಕಡಲ ತೀರದ ಊರುಗಳು ಬುರ್ಕಿನಿಯನ್ನು ನಿಷೇಧಿಸಿದವು. ಒಂದು ಊರಿನ ನಿಷೇಧವನ್ನು ಅಲ್ಲಿನ ಉನ್ನತ ಆಡಳಿತ ನ್ಯಾಯಾಲಯ ಅದೇ ತಿಂಗಳು ತಡೆಹಿಡಿಯಿತು. ಉದ್ದ ತೋಳಿನ ಬಟ್ಟೆ ಮಾಲ್‌ನಲ್ಲಿ ಫ್ಯಾಶನ್, ಬೀಚಿನಲ್ಲಿ ಅಪರಾಧ!

ನನಗೆ ಹಿಡಿಸದ ಪ್ರದರ್ಶನ ಎಂದರೆ ಶನೆಲ್ 2016ರ ಮೇ 3ರಂದು ಕ್ಯೂಬಾದ ಹವಾನಾದಲ್ಲಿ ಮಾಡಿದ್ದು. ಹಳೆಯ ಪ್ರಾದೊ ಬೀದಿಯೇ ವೇದಿಕೆ. ಬಣ್ಣಬಣ್ಣದ ಹಳೆ ಕಾರುಗಳಲ್ಲಿ ಅತಿಥಿಗಳು ಬಂದಿಳಿದರು. ಆ ಬೀದಿಯವರು ಮಾತ್ರ ಪೊಲೀಸರ ತಡೆಯ ಆಚೆ ನಿಂತು, ಮನೆಯ ಬಾಲ್ಕನಿಯಿಂದ ಇಣುಕಿ ನೋಡಿದರು. ಬಟ್ಟೆ ಚೆನ್ನಾಗಿತ್ತೋ ಇಲ್ಲವೋ, ನನಗೆ ನೆನಪುಳಿದದ್ದು ಆ ಬಾಲ್ಕನಿಗಳೇ.

ಹಿಡಿಸಿದ್ದು ಡಿಯೋರ್ 2019ರ ಏಪ್ರಿಲ್ 29ರಂದು ಮೊರೊಕ್ಕೊದ ಮರ್ರಾಕೆಶಿನಲ್ಲಿ ನಡೆಸಿದ್ದು. 16ನೇ ಶತಮಾನದ ಎಲ್ ಬದಿ ಅರಮನೆಯ ಪಾಳು ಗೋಡೆಗಳ ನಡುವೆ, ರಾತ್ರಿ, ನೀರಿನ ಮೇಲೆ ತೇಲುವ ದೀಪಗಳು. ಡಿಸೈನರ್ ಮರಿಯಾ ಗ್ರಾಜಿಯಾ ಕ್ಯೂರಿ ಅಲ್ಲಿ ಬಳಸಿದ್ದು ಆಫ್ರಿಕಾದ ‘ವ್ಯಾಕ್ಸ್’ ಬಟ್ಟೆ. ಅದರ ಹುಟ್ಟೇ ಒಂದು ದೊಡ್ಡ ಪ್ರಯಾಣ. ಇಂಡೋನೇಷ್ಯಾದ ಬಾಟಿಕ್ ನೋಡಿ ಡಚ್ಚರು ಯಂತ್ರದಲ್ಲಿ ನಕಲು ಮಾಡಿದರು, ಅದನ್ನು ತಮ್ಮದಾಗಿಸಿಕೊಂಡವರು ಪಶ್ಚಿಮ ಆಫ್ರಿಕಾದವರು. ಡಿಯೋರ್ ಆ ಬಟ್ಟೆಯನ್ನು ಯುರೋಪಿನಲ್ಲಿ ಮಾಡಿಸದೆ ಐವರಿ ಕೋಸ್ಟಿನ ಅಬಿಜಾನ್‌ನಲ್ಲಿರುವ ಯೂನಿವ್ಯಾಕ್ಸ್ ಕಾರ್ಖಾನೆಯಲ್ಲೇ ಮಾಡಿಸಿ, ಹೆಸರನ್ನೂ ಹೇಳಿತು. ಬೆಲೆ ನೋಡಿದರೆ ನಮ್ಮ ಕೆಲವು ತಿಂಗಳ ಸಂಬಳ, ಅದು ಬೇರೆ ಮಾತು. ಕೆಲಸ ಮಾಡಿದ ಕೈಯ ಹೆಸರು ಹೇಳುವುದೂ ಈ ವ್ಯಾಪಾರದಲ್ಲಿ ಅಪರೂಪ.

ಹೆಸರು ಹೇಳದ ಕಥೆ ಬೇಕಾದರೆ ನಮ್ಮ ಲುಂಗಿಯನ್ನೇ ತೆಗೆದುಕೊಳ್ಳಿ.

ಅಮೆರಿಕದ ಹಳೇ ಕಾಲದ ರೆಸಾರ್ಟ್ ಉಡುಪಿನಲ್ಲಿ ‘ಮದ್ರಾಸ್’ ಎಂಬ ಚೌಕಳಿ ಹತ್ತಿ ಬಟ್ಟೆಗೆ ದೊಡ್ಡ ಸ್ಥಾನ. ರಜೆಗೆ ಕೆರಿಬಿಯನ್ ದ್ವೀಪಗಳಿಗೆ ಹೋಗುವವರು ಅದರ ಶರ್ಟು, ಚಡ್ಡಿ, ಕೋಟು ಹಾಕಿ ತಿರುಗುತ್ತಿದ್ದರು. ಚೌಕಳಿ ನೋಡಿದರೆ ನಮ್ಮಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ, ಅದು ಲುಂಗಿ ಬಟ್ಟೆಯೇ. 1958ರಲ್ಲಿ ಅಮೆರಿಕದ ಒಬ್ಬ ವ್ಯಾಪಾರಿಗೆ ಇದನ್ನು ಮಾರಿದವರು ನಮ್ಮ ಪಕ್ಕದ ಕಣ್ಣೂರಿನ ಕ್ಯಾಪ್ಟನ್ ಸಿ.ಪಿ. ಕೃಷ್ಣನ್ ನಾಯರ್. ಮುಂದೆ ಲೀಲಾ ಹೋಟೆಲುಗಳನ್ನು ಕಟ್ಟಿದವರೂ ಅವರೇ. ಬಣ್ಣ ಬಿಡುತ್ತದೆ, ತಣ್ಣೀರಿನಲ್ಲಿ ಮೆಲ್ಲಗೆ ಒಗೆಯಬೇಕು ಎಂದು ಅವರು ಮೊದಲೇ ಎಚ್ಚರಿಸಿದ್ದರಂತೆ. ಬ್ರೂಕ್ಸ್ ಬ್ರದರ್ಸ್ ಅಂಗಡಿಯಲ್ಲಿ ಆ ಮಾತನ್ನು ಗಿರಾಕಿಗೆ ಯಾರೂ ಹೇಳಲಿಲ್ಲ. ಒಂದೇ ಒಗೆತಕ್ಕೆ ಬಣ್ಣ ಹರಿಯಿತು, ದೂರುಗಳು ಬಂದವು. ಆಮೇಲೆ ಜಾಹೀರಾತಿನವರು ಅದನ್ನೇ ಗುಣ ಮಾಡಿಬಿಟ್ಟರು: ಈ ಬಟ್ಟೆ ಬಣ್ಣ ಬಿಡುವುದು ಗ್ಯಾರಂಟಿ, ಪ್ರತಿ ಒಗೆತಕ್ಕೂ ಹೊಸ ಬಣ್ಣ! ಜನ ಮುಗಿಬಿದ್ದು ಕೊಂಡರು. ನಮ್ಮ ಮನೆಯಲ್ಲಿ ಉಪ್ಪನ ಲುಂಗಿಯ ಬಣ್ಣ ನನ್ನ ಬಿಳಿ ಯೂನಿಫಾರ್ಮಿಗೆ ಹತ್ತಿದಾಗ ಉಮ್ಮನಿಂದ ಸಿಕ್ಕಿದ್ದು ಬೈಗುಳ ಮಾತ್ರ.

ಉಪ್ಪ ಇಪ್ಪತ್ತು ವರ್ಷ ಗಲ್ಫಿನಲ್ಲಿದ್ದರು. ಎರಡು ವರ್ಷಕ್ಕೊಮ್ಮೆ ಊರಿಗೆ ಬಂದರೆ ಪ್ಯಾಂಟು ಕಳಚಿ ಲುಂಗಿ ಉಡುವುದೇ ಮೊದಲ ಕೆಲಸ. ಆಮೇಲೆ ಹೋಗುವ ದಿನದವರೆಗೆ ಪ್ಯಾಂಟು ಮುಟ್ಟುತ್ತಿರಲಿಲ್ಲ. ಹೈಸ್ಕೂಲಿನ ಗೇಟಿಗೆ ಅವರು ಲುಂಗಿಯಲ್ಲೇ ಬಂದು ನಿಂತಾಗ ನಾನು ಇನ್ನೊಂದು ಗೇಟಿನಿಂದ ಹೊರಟುಹೋದದ್ದುಂಟು. ಅವರು ನನ್ನನ್ನು ನೋಡಿದ್ದರು. ಮನೆಯಲ್ಲಿ ಆ ಬಗ್ಗೆ ಒಂದು ಮಾತೂ ಆಡಲಿಲ್ಲ. ದುಡಿಮೆ ನಿಲ್ಲಿಸಿ, ಮೈ ಸಡಿಲ ಬಿಟ್ಟು ಹಾಕುವುದೇ ರೆಸಾರ್ಟ್ ಉಡುಪು ಅಂತಾದರೆ, ಉಪ್ಪನದ್ದೂ ಅದೇ ಅಲ್ವಾ? ಉಮ್ಮನ ಪ್ರಶ್ನೆಗೆ ನಾನು ಕೊಟ್ಟ ಉತ್ತರವೂ ಇದೇ. ಉಮ್ಮ ನಕ್ಕರು, ಉಪ್ಪ ಪೇಪರಿನಿಂದ ತಲೆ ಎತ್ತಲಿಲ್ಲ.

ಚಿಕ್ಕಮ್ಮನ ಮಗಳಿಗೆ ಈ ಕಥೆ ಹೇಳಿದ್ದೇ ತಪ್ಪಾಯಿತು. ತನಗೊಂದು ಲುಂಗಿ ಬಟ್ಟೆಯ ಉದ್ದ ಶರ್ಟು ಬೇಕು ಎಂದು ಹಟ ಹಿಡಿದಳು. ಪೇಟೆಯ ನಮ್ಮ ಟೈಲರ್ ಮೊದಲು ನಕ್ಕ. ಆಮೇಲೆ ಬಟ್ಟೆ ಹಾಸಿ ಅಳೆಯತೊಡಗಿದ. ಚೌಕಳಿ ಹೊಲಿಯುವಾಗ ಕಿಸೆಯ ಗೆರೆ ಎದೆಯ ಗೆರೆಗೆ ಕೂಡಬೇಕು, ಪಕ್ಕದ ಹೊಲಿಗೆಯಲ್ಲೂ ಚೌಕ ತಪ್ಪಬಾರದು. ಅಗ್ಗದ ಶರ್ಟಿನಲ್ಲಿ ಬಟ್ಟೆ ಉಳಿಸಲು ಇದನ್ನು ಬಿಡುತ್ತಾರೆ, ದುಬಾರಿಯದರಲ್ಲಿ ಬಿಡುವುದಿಲ್ಲ. ಮುಂದಿನ ಸಲ ಮಾಲ್‌ಗೆ ಹೋದರೆ ಬೆಲೆಚೀಟಿಗಿಂತ ಮೊದಲು ಇದನ್ನು ನೋಡಿ. “ಗೆರೆ ಕೂಡ್ಬೇಕಾದ್ರೆ ಒಂದು ಲುಂಗಿ ಸಾಲುದಿಲ್ಲ, ಎರಡು ತನ್ನಿ,” ಎಂದ ಟೈಲರ್.

ಉಪ್ಪನ ಪೆಟ್ಟಿಗೆಯಲ್ಲಿ ಮಡಿಕೆ ಬಿಚ್ಚದ ಎರಡು ಲುಂಗಿ ಇದ್ದವು, ಒಂದೇ ಚೌಕಳಿಯವು. ತುಂಬ ಹೊತ್ತು ತಿರುಗಿಸಿ ತಿರುಗಿಸಿ ನೋಡಿ, ಕೊಡಲು ಒಪ್ಪಿದ್ದು ಒಂದನ್ನು ಮಾತ್ರ.