ಬಿಲ್ಲಿನ ಸಂಧಿ

ಕೋಲಾರದ ಸೀಮೆಗೆ ಬಿಲ್ಲಿನ ಕಥೆಗಳಲ್ಲಿ ಬಡತನವಿಲ್ಲ. ಮುಳಬಾಗಿಲು ತಾಲ್ಲೂಕಿನ ಆವನಿಯ ಬೆಟ್ಟದಲ್ಲಿ ವಾಲ್ಮೀಕಿ ಮಹರ್ಷಿಗಳ ಆಶ್ರಮವಿತ್ತೆಂದೂ, ಸೀತಾದೇವಿಯು ಲವಕುಶರನ್ನು ಹೆತ್ತದ್ದು ಅಲ್ಲಿಯೇ ಎಂದೂ, ಅಶ್ವಮೇಧದ ಕುದುರೆಯನ್ನು ಕಟ್ಟಿಹಾಕಿದ ಆ ಬಾಲಕರಿಬ್ಬರೂ ತಂದೆಯ ಸೇನೆಗೆ ಇದಿರಾಗಿ ಹೆದೆಯೇರಿಸಿದ್ದು ಆ ಬಂಡೆಗಳ ನಡುವೆಯೇ ಎಂದೂ ಸುತ್ತಣ ಜನ ಇಂದಿಗೂ ಹೇಳುತ್ತಾರೆ. ಬೆಟ್ಟದ ತಪ್ಪಲಲ್ಲಿ ರಾಮ, ಲಕ್ಷ್ಮಣ, ಭರತ, ಶತ್ರುಘ್ನರ ಹೆಸರುಗಳನ್ನು ಹೊತ್ತ ಲಿಂಗಗಳ ಗುಡಿಗಳು, ನೊಳಂಬರ ಕಾಲದ ಶಿಲ್ಪದೊಡನೆ, ಒಂದೇ ಪ್ರಾಕಾರದಲ್ಲಿ ನಿಂತು ಆ ಐತಿಹ್ಯಕ್ಕೆ ಸಾಕ್ಷಿ ಹೇಳುವಂತೆ ತೋರುತ್ತವೆ. ಮುಳಬಾಗಿಲ ಪಟ್ಟಣದ ಆಂಜನೇಯನನ್ನು ಪ್ರತಿಷ್ಠಿಸಿದವನು, ಕುರುಕ್ಷೇತ್ರದ ಯುದ್ಧ ಮುಗಿದ ಬಳಿಕ ತನ್ನ ಧ್ವಜದ ಕಪಿವರನಿಗೆ ಋಣ ತೀರಿಸಬಂದ ಗಾಂಡೀವಿಯೇ ಎಂಬುದು ಅಲ್ಲಿನ ಸ್ಥಳಪುರಾಣ. ಪುರಾಣವನ್ನು ಬದಿಗಿಟ್ಟು ಕಲ್ಲನ್ನೇ ನೋಡುವೆನೆಂಬವರಿಗೂ ನಿರಾಶೆಯಿಲ್ಲ: ತುರುಗಳನ್ನು ಬಿಡಿಸಹೋಗಿ ಮಡಿದ ವೀರರ ಕಲ್ಲುಗಳು ಈ ಸೀಮೆಯಲ್ಲಿ ಹೇರಳವಾಗಿವೆ, ಅವುಗಳ ಶಾಸನಗಳನ್ನು ಬಿ. ಎಲ್. ರೈಸರು 1905ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ ಹತ್ತನೆಯ ಸಂಪುಟದಲ್ಲಿ ಕಲೆಹಾಕಿದರು, ಮತ್ತು ಬಿಲ್ಲು ಹಿಡಿದವರು ಆ ಕಲ್ಲುಗಳಲ್ಲಿ ಹಲವೆಡೆ ಕಾಣುತ್ತಾರೆ.

ಆದರೆ ಈ ಕಲ್ಲಿನ ಬಿಲ್ಲುಗಳೆಲ್ಲ ಶಿಲ್ಪಿಯ ಉಳಿಯ ಒಂದೇ ಬಳುಕಿನಲ್ಲಿ ಮೂಡಿದವು; ತುದಿಯಿಂದ ತುದಿಗೆ ಅಖಂಡ. ವಿಜಯದಶಮಿಯ ಸಂಜೆ ಹಳೆಯ ಮೈಸೂರು ಸೀಮೆಯ ಊರುಗಳಲ್ಲಿ ಬನ್ನಿಯ ಮರದ ಬಳಿ ಅಂಬು ಹೊಡೆಯುವ ಪದ್ಧತಿಯುಂಟಷ್ಟೆ. ಕೆಲವೆಡೆ ತಾಲ್ಲೂಕಿನ ತಹಶೀಲ್ದಾರರೇ ಪೇಟ ಧರಿಸಿ ಆ ಮರ್ಯಾದೆಯನ್ನು ನಡೆಸಿಕೊಡುತ್ತಾರೆ. ಅಲ್ಲಿ ಹಿಡಿಯುವ ಬಿಲ್ಲೂ ಹೆಚ್ಚಾಗಿ ಬಗ್ಗಿಸಿ ಕಟ್ಟಿದ ಒಂದೇ ಬಿದಿರು. ಕೌಟಿಲ್ಯನ ಅರ್ಥಶಾಸ್ತ್ರವು ತಾಳೆಯ ಬಿಲ್ಲನ್ನು ಕಾರ್ಮುಕವೆಂದೂ, ಬಿದಿರಿನದನ್ನು ಕೋದಂಡವೆಂದೂ, ಮರದ್ದನ್ನು ದ್ರೂಣವೆಂದೂ, ಕೊಂಬಿನದನ್ನು ಧನುಸ್ಸೆಂದೂ ವಿಂಗಡಿಸಿ, ಹೆದೆಗೆ ಮೂರ್ವೆ, ಎಕ್ಕ, ಸೆಣಬು, ಬಿದಿರ ನಾರು, ಸ್ನಾಯು ಇವೆಲ್ಲ ಒದಗುತ್ತವೆಂದು ಹೇಳುತ್ತದೆ. ಈ ಗ್ರಂಥದ ಓಲೆಗರಿಯ ಪ್ರತಿಯನ್ನು ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಆರ್. ಶಾಮಶಾಸ್ತ್ರಿಗಳು ಗುರುತಿಸಿದ್ದೂ ರೈಸರ ಸಂಪುಟ ಹೊರಬಿದ್ದ 1905ರಲ್ಲಿಯೇ ಎಂಬುದು ಒಂದು ಸೊಗಸಾದ ಕಾಕತಾಳೀಯ.

ಆ ನಾಲ್ಕರಲ್ಲಿ ಕೊಂಬಿನ ಬಿಲ್ಲಿನ ದಾರಿ ಬೇರೆ. ಹೈದರಾಲಿ ಹುಟ್ಟಿದ್ದು ಕೋಲಾರ ಸೀಮೆಯ ಬೂದಿಕೋಟೆಯಲ್ಲಿ; ಅವನ ತಂದೆ ಫತೇ ಮಹಮದನ ಗೋರಿ ಕೋಲಾರ ಪಟ್ಟಣದಲ್ಲಿದೆ. ಅಂಥ ಸರದಾರರ ಕಾಲದವರೆಗೂ ದಖ್ಖಣದ ಕುದುರೆ ಸವಾರರು ಬಳಸುತ್ತಿದ್ದ ಈ ಬಿಲ್ಲು ಒಂದು ತುಂಡಿನದಲ್ಲ. ನಡುವಣ ಹಿಡಿಕೆ, ಎರಡು ತೋಳು, ಎರಡು ಕಿವಿ ಎಂದು ಮರದ ಐದು ಭಾಗಗಳನ್ನು ಒಂದರ ಬಾಯಿಗೆ ಇನ್ನೊಂದರ ಚೂಪು ಹೊಗುವಂತೆ ಕೊರೆದು, ಚರ್ಮದ ಇಲ್ಲವೆ ಮೀನಿನ ಅಂಟಿನಿಂದ ಬೆಸೆದು, ಬಿಲ್ಗಾರನ ಕಡೆಗೆ ಕೊಂಬಿನ ಪಟ್ಟಿಯನ್ನೂ ಶತ್ರುವಿನ ಕಡೆಗೆ ಸ್ನಾಯುವಿನ ಎಳೆಗಳನ್ನೂ ಹೊದಿಸಿ, ತಿಂಗಳುಗಟ್ಟಲೆ ಒಣಗಿಸಿದ ಮೇಲೆ ಅದು ಬಿಲ್ಲಾಗುತ್ತಿತ್ತು. ಹಿಡಿಕೆಯ ಕೆಲಸ ಬಗ್ಗದಿರುವುದು, ತೋಳಿನ ಕೆಲಸ ಬಗ್ಗುವುದು, ಆದುದರಿಂದ ಇವೆರಡನ್ನೂ ಬೇರೆ ಬೇರೆಯಾಗಿ ಮಾಡಿ ಕೂಡಿಸತಕ್ಕದ್ದೆಂಬ ತಿಳಿವಳಿಕೆ ಹೀಗೆ ಬಹಳ ಹಳೆಯದು. ಈ ಕೊಂಬಿನ ಬಿಲ್ಲಿಗೆ ಒದಗದೆ ಹೋದದ್ದು ಕೂಡಿಸಿದ್ದನ್ನು ಮತ್ತೆ ಬಿಡಿಸುವ ಉಪಾಯ. ಮಳೆಗಾಲದ ತೇವಕ್ಕೆ ಅಂಟು ತಾನಾಗಿ ಸಡಿಲವಾಗುತ್ತಿತ್ತೆಂಬುದು ಬೇರೆ ಮಾತು, ಅದನ್ನು ಉಪಾಯವೆನ್ನಲಾಗದು.

ಇಂದಿನ ಸ್ಪರ್ಧೆಯ ಬಿಲ್ಲು ಮೈದಾನಕ್ಕೆ ಬರುವುದು ಬಿಲ್ಲಿನ ರೂಪದಲ್ಲಲ್ಲ, ಒಂದು ಚೀಲದಲ್ಲಿ. ಚೀಲದ ಜಿಪ್ಪನ್ನೆಳೆದರೆ ಮೂರು ಭಾಗಗಳು ಕಾಣುತ್ತವೆ: ಅಲ್ಯೂಮಿನಿಯಮ್ ಮಿಶ್ರಲೋಹವನ್ನು ಕಡೆದು ಅಥವಾ ಕಾರ್ಬನ್ ನಾರನ್ನು ಅಚ್ಚುಹೊಯ್ದು ಮಾಡಿದ ನಡುಭಾಗ, ಅದನ್ನು ರೈಸರ್ ಎನ್ನುತ್ತಾರೆ; ಮತ್ತು ಮರ ಅಥವಾ ಫೋಮಿನ ತಿರುಳಿಗೆ ಫೈಬರ್ ಗ್ಲಾಸು, ಕಾರ್ಬನ್ನುಗಳ ಪದರಗಳನ್ನು ಅಂಟಿಸಿ ಮಾಡಿದ, ಲಿಂಬ್ ಎಂದು ಕರೆಯುವ ಎರಡು ತೋಳುಗಳು. ರೈಸರಿನ ಉದ್ದ ಸಾಮಾನ್ಯವಾಗಿ 25 ಇಂಚು. ಅದಕ್ಕೆ ಗಿಡ್ಡ ತೋಳುಗಳನ್ನು ಹಾಕಿದರೆ 66, ಮಧ್ಯಮವಾದರೆ 68, ಉದ್ದವಾದರೆ 70 ಇಂಚಿನ ಬಿಲ್ಲಾಗುತ್ತದೆ. ಜೋಡಿಸುವುದಕ್ಕೆ ಅಭ್ಯಾಸವಾದವರಿಗೆ ಐದು ನಿಮಿಷ ಹಿಡಿಯುವುದಿಲ್ಲ. ಆ ಐದು ನಿಮಿಷದಲ್ಲಿ ನಡೆಯುವುದೇನೆಂಬುದನ್ನು ಮಾತ್ರ ಸಾವಕಾಶವಾಗಿ ನೋಡಬೇಕು, ಏಕೆಂದರೆ ಈ ಸಂಧಿಯ ಗುಟ್ಟು ನಾವು ಎಣಿಸಿದ ಕಡೆ ಇರುವುದಿಲ್ಲ.

ತೋಳಿನ ಬುಡವನ್ನು ಕೈಯಲ್ಲಿ ಹಿಡಿದು ನೋಡಿದರೆ ಅಲ್ಲಿ ಎರಡು ಸಂಗತಿಗಳು ಕಾಣುತ್ತವೆ. ಕೊನೆಯಲ್ಲಿ ಬೆರಳು ತೂರುವಷ್ಟು ಅಗಲದ, ಲಾಳದ ಆಕಾರದ ಒಂದು ಕಚ್ಚು. ಅದರಿಂದ ತುಸು ಮೇಲೆ, ಬಿಲ್ಗಾರನ ಕಡೆಗಿನ ಮೈಯಲ್ಲಿ, ತಿರುಪಿನಿಂದ ಕೂರಿಸಿದ ಒಂದು ಉಕ್ಕಿನ ಗುಬುಟು, ಮತ್ತು ಆ ಗುಬುಟಿನ ನೆತ್ತಿಯಲ್ಲಿ ಒತ್ತಿದರೆ ಒಳಹೋಗಿ ಬಿಟ್ಟರೆ ಹೊರಚಿಮ್ಮುವ, ಸ್ಪ್ರಿಂಗಿನ ಮೇಲೆ ನಿಂತ ಒಂದು ಚಿಕ್ಕ ಮೊಳೆ. ಇತ್ತ ರೈಸರಿನ ತುದಿಯಲ್ಲಿ ಈ ಬುಡಕ್ಕೆಂದೇ ತೋಡಿದ ಪಾಕೆಟ್ಟು; ಪಾಕೆಟ್ಟಿನ ಒಳತುದಿಯಲ್ಲಿ ಅಗಲ ತಲೆಯ ಬೋಲ್ಟು, ಹೊರತುದಿಯಲ್ಲಿ ಗುಬುಟು ಜಾರಿ ಸೇರುವುದಕ್ಕೆ ಡವ್‌ಟೇಲ್ ಎಂಬ ಗಾಡಿ, ಎಂದರೆ ಉದ್ದನೆಯ ತೋಡು. ಬಿಲ್ಗಾರನು ಕಚ್ಚನ್ನು ಬೋಲ್ಟಿನ ಕತ್ತಿನ ಕಡೆಗೂ ಗುಬುಟನ್ನು ಗಾಡಿಯ ಕಡೆಗೂ ಹಿಡಿದು ತೋಳನ್ನು ಒಳಕ್ಕೆ ದೂಡುತ್ತಾನೆ. ಮೊಳೆಯು ಗಾಡಿಯ ತಳದ ಕುಳಿಗೆ ಬಿದ್ದು ಟಕ್ಕೆಂದು ಸದ್ದು ಮಾಡುತ್ತದೆ. ಇಷ್ಟೇ. ಬಿಗಿಯುವ ತಿರುಪಿಲ್ಲ, ಹೊಡೆಯುವ ಬೆಣೆಯಿಲ್ಲ.

ಈಗ ಆ ತೋಳಿನ ತುದಿಯನ್ನು ಹಿಡಿದು ಅಲುಗಿಸಿದರೆ ಅದು ಸಡಿಲವಾದ ಹಲ್ಲಿನಂತೆ ಅಲುಗುತ್ತದೆ. ಹೊಸದಾಗಿ ಕಲಿಯಬಂದ ಹುಡುಗರು ಇದನ್ನು ಕಂಡು ಗಾಬರಿಯಾಗುವುದೂ, ಬೋಲ್ಟನ್ನು ಅಲೆನ್ ಕೀಯಿಂದ ಬಿಗಿಯಹೋಗುವುದೂ, ಗುರುಗಳು ಗದರಿಸುವುದೂ ವಾಡಿಕೆ. ಗಾಬರಿಗೆ ಕಾರಣವಿಲ್ಲದಿಲ್ಲ: ನಲವತ್ತು ಪೌಂಡಿನ ಸೆಳೆತವನ್ನು ತಾಳಬೇಕಾದ ಕೀಲು ಹೀಗೆ ಅಲುಗಿದರೆ ಯಾರಿಗೆ ತಾನೆ ನಂಬಿಕೆ ಬಂದೀತು? ಆದರೆ ಆ ಮೊಳೆಯ ಕೆಲಸ ಬಿಲ್ಲಿಗೆ ಹೆದೆಯೇರುವ ತನಕ ತೋಳು ಕೆಳಗೆ ಬೀಳದಂತೆ ನೋಡಿಕೊಳ್ಳುವುದು ಮಾತ್ರ. ತೋಳನ್ನು ನಿಜವಾಗಿ ಹಿಡಿಯುವುದು ಹೆದೆ.

ಅದು ಹೇಗೆಂದರೆ, ಹೆದೆಯು ತೋಳಿನ ತುದಿಯನ್ನು ಬಿಲ್ಗಾರನ ಕಡೆಗೆ ಸೆಳೆಯುತ್ತದೆ. ಸೆಳೆದೊಡನೆ ತೋಳು ಪಾಕೆಟ್ಟಿನ ಹೊರ ಅಂಚಿನ ಮೇಲೆ ಊರಿ ತಿರುಗಲು ನೋಡುತ್ತದೆ. ತಿರುಗಿದರೆ ಬುಡವು ಗುರಿಯ ಕಡೆಗೆ ಏಳಬೇಕು. ಅದನ್ನು ಏಳಗೊಡದೆ ಬೋಲ್ಟಿನ ಅಗಲ ತಲೆ ತಡೆದು ನಿಲ್ಲುತ್ತದೆ. ಬಾವಿಗೆ ಏತ ಹಾಕಿ ನೀರೆತ್ತಿದ್ದನ್ನು ಕಂಡ ಕೋಲಾರದ ರೈತನಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ: ನೆಟ್ಟ ಕಂಬವೇ ಪಾಕೆಟ್ಟಿನ ಅಂಚು, ಉದ್ದನೆಯ ಕೈ ತೋಳು, ಹಿಂದಣ ಮೋಟು ಕೈಯೇ ಬುಡ, ಉದ್ದನೆಯ ಕೈಯಲ್ಲಿ ಕೊಂಚವೇ ಎಳೆದರೂ ಮೋಟು ಕೈಯ ಮೇಲೆ ಅದರ ಹಲವು ಮಡಿ ಬಲ ಬೀಳುತ್ತದೆ. ಹೀಗಾಗಿ ಹೆದೆ ಹೆಚ್ಚು ಸೆಳೆದಷ್ಟೂ ಸಂಧಿ ಹೆಚ್ಚು ಬಿಗಿ. ಸ್ಟ್ರಿಂಗರ್ ಎಂಬ ಹಗ್ಗವನ್ನು ಬಿಲ್ಲಿನ ಎರಡು ತುದಿಗಳಿಗೂ ಸಿಕ್ಕಿಸಿ, ನಡುವೆ ಕಾಲಲ್ಲಿ ಮೆಟ್ಟಿ, ರೈಸರನ್ನು ಮೇಲಕ್ಕೆತ್ತುತ್ತ ಬಿಲ್ಗಾರನು ಹೆದೆಯ ಕುಣಿಕೆಯನ್ನು ತುದಿಯ ಕಚ್ಚಿಗೆ ಜಾರಿಸುವಾಗ ಕಿವಿಗೊಟ್ಟು ಕೇಳಿದರೆ, ಪಾಕೆಟ್ಟುಗಳಿಂದ ಸಣ್ಣಗೆ ಕಿರುಗುಟ್ಟಿದ ಸದ್ದೊಂದು ಬರುತ್ತದೆ. ಅಲ್ಲಿಯವರೆಗೆ ಅಲುಗುತ್ತಿದ್ದ ತೋಳುಗಳು ತಮ್ಮ ತಾಣಗಳಲ್ಲಿ ಕೂತವೆಂದು ಅರ್ಥ. ಆ ಬಳಿಕ ಎಷ್ಟು ಜಗ್ಗಿದರೂ ಅವು ಮಿಸುಕುವುದಿಲ್ಲ.

ಬೋಲ್ಟು ಬಿಗಿಯುವುದಕ್ಕಲ್ಲವಾದರೆ ಅದಕ್ಕೆ ತಿರುಪೇಕೆ? ಅದನ್ನು ಒಳಕ್ಕೆ ತಿರುಗಿಸಿದರೆ ಬುಡ ತಗ್ಗಿ, ತೋಳಿನ ತುದಿ ಗುರಿಯ ಕಡೆಗೆ ವಾಲುತ್ತದೆ. ಹೆದೆಗೆ ಅದನ್ನು ಹಿಂದಕ್ಕೆ ತರುವ ಶ್ರಮ ಹೆಚ್ಚಿ, ಬಿಲ್ಲಿನ ಸೆಳೆತ ಏರುತ್ತದೆ. ಹೊರಕ್ಕೆ ತಿರುಗಿಸಿದರೆ ಇಳಿಯುತ್ತದೆ. ಈ ಏರಿಳಿತದ ವ್ಯಾಪ್ತಿ ತೋಳಿನ ನಮೂದಿತ ಸೆಳೆತದ ನೂರಕ್ಕೆ ಹತ್ತರಷ್ಟು. ಮೇಲಿನ ಮತ್ತು ಕೆಳಗಿನ ಬೋಲ್ಟುಗಳನ್ನು ಬೇರೆ ಬೇರೆ ಪ್ರಮಾಣದಲ್ಲಿ ತಿರುಗಿಸುವುದರಿಂದ ಇನ್ನೊಂದು ಸೂಕ್ಷ್ಮವೂ ಕೈವಶವಾಗುತ್ತದೆ. ಬಾಣದ ಮೇಲೆ ಒಂದು ಬೆರಳು, ಕೆಳಗೆ ಎರಡು ಎಂಬ ಕ್ರಮದಲ್ಲಿ ಹೆದೆ ಎಳೆಯುವುದರಿಂದ ಎಳೆತದ ಕೇಂದ್ರವು ಬಿಲ್ಲಿನ ಸರಿಮಧ್ಯಕ್ಕೆ ಬೀಳುವುದಿಲ್ಲ. ಎರಡು ತೋಳುಗಳೂ ಏಕಕಾಲಕ್ಕೆ ಮರಳಬೇಕಾದರೆ ಮೇಲಣ ತೋಳು ಕೂದಲೆಳೆಯಷ್ಟು ಮೆತ್ತಗಿರಬೇಕು. ಆದುದರಿಂದ ತೋಳು ರೈಸರನ್ನು ಕೂಡುವಲ್ಲಿಂದ ಹೆದೆಗಿರುವ ದೂರವನ್ನು ಮೇಲೆಯೂ ಕೆಳಗೆಯೂ ಅಳೆದು, ಮೇಲಿನದು ಕೆಲವು ಮಿಲಿಮೀಟರು ಹೆಚ್ಚಿರುವಂತೆ ಹೊಂದಿಸುತ್ತಾರೆ. ಇದಕ್ಕೆ ಟಿಲ್ಲರ್ ಎಂದು ಹೆಸರು. ಅಳತೆ ಕೂಡಿಬಂದ ಮೇಲೆ ಬೋಲ್ಟನ್ನು ಇನ್ನೊಂದು ಪುಟ್ಟ ತಿರುಪಿನಿಂದ ಬಂಧಿಸಿ ಮರೆತುಬಿಡುವುದು ಜಾಣತನ. ಬಾಣ ಗುರಿತಪ್ಪಿದಾಗಲೆಲ್ಲ ಬೋಲ್ಟಿಗೆ ಕೈಹಾಕುವವರು ತಮ್ಮ ಮೊಣಕೈಯ ತಪ್ಪನ್ನು ಎಂದೂ ಕಾಣಲಾರರೆಂದು ನನ್ನ ಅಭಿಪ್ರಾಯ.

ಉಳಿದದ್ದು ಎಡಬಲದ ಮಾತು. ಬಿಲ್ಲನ್ನು ಎರಡು ಕುರ್ಚಿಗಳ ಬೆನ್ನಿನ ಮೇಲೆ ಮಲಗಿಸಿ, ಒಂದು ಕಣ್ಣು ಮುಚ್ಚಿ ಹಿಂದಿನಿಂದ ನೋಡಿದರೆ, ಹೆದೆಯು ಮೇಲಣ ತೋಳಿನ ನಡು, ಎರಡು ಬೋಲ್ಟುಗಳ ನಡು, ಕೆಳಗಣ ತೋಳಿನ ನಡು, ಇವೆಲ್ಲವನ್ನೂ ಒಂದೇ ಗೆರೆಯಲ್ಲಿ ಸೀಳಿಕೊಂಡು ಹೋಗಬೇಕು. ಹೋಗದಿದ್ದರೆ ಪಾಕೆಟ್ಟಿನ ಗಾಡಿಯ ಒಂದು ಪಕ್ಕದಿಂದ ಕಾಗದದಷ್ಟು ತೆಳ್ಳನೆಯ ವಾಷರನ್ನು ತೆಗೆದು ಇನ್ನೊಂದು ಪಕ್ಕಕ್ಕೆ ಹಾಕಿ ತೋಳನ್ನು ಸರಿಸುತ್ತಾರೆ. ಕಾಗದದಷ್ಟರ ವ್ಯತ್ಯಾಸಕ್ಕೆ ಇಷ್ಟು ಪರದಾಟವೇ ಎಂದು ಕೇಳುವವರು ಒಲಿಂಪಿಕ್ಸಿನ ಅಂಕಣವನ್ನು ಒಮ್ಮೆ ನೆನೆಯಬೇಕು: 70 ಮೀಟರ್ ದೂರದಲ್ಲಿ 122 ಸೆಂಟಿಮೀಟರ್ ವ್ಯಾಸದ ಗುರಿಫಲಕ, ಅದರಲ್ಲಿ ಹತ್ತು ಅಂಕದ ವೃತ್ತ 12.2 ಸೆಂಟಿಮೀಟರ್.

ಈ ಏರ್ಪಾಡು ಬಹಳ ಹಳೆಯದೇನೂ ಅಲ್ಲ. ಬಿಲ್ವಿದ್ಯೆಯು 52 ವರ್ಷಗಳ ಅಂತರದ ಮೇಲೆ 1972ರಲ್ಲಿ ಮ್ಯೂನಿಕ್ಕಿನ ಒಲಿಂಪಿಕ್ಸಿಗೆ ಮರಳಿದ ಕಾಲಕ್ಕೆ, ಬಿಚ್ಚಿ ಕೂಡಿಸುವ ಬಿಲ್ಲುಗಳು ಆಗತಾನೆ ಅಖಂಡ ಬಿಲ್ಲುಗಳ ಸ್ಥಾನವನ್ನು ಆಕ್ರಮಿಸತೊಡಗಿದ್ದವು. ಪ್ರತಿಯೊಬ್ಬ ತಯಾರಕನಿಗೂ ಅವನದೇ ಆದ ಕೀಲು. ಮೇಲೆ ವರ್ಣಿಸಿದ ಗುಬುಟು ಮತ್ತು ಗಾಡಿಯ ಕ್ರಮವನ್ನು ಅಮೆರಿಕದ ಹಾಯ್ಟ್ ಕಂಪನಿಯು 80ರ ದಶಕದಲ್ಲಿ ರೂಢಿಗೆ ತಂದಿತು. ಕೊರಿಯದವರೂ ಇತರರೂ ಅದೇ ಅಳತೆಯನ್ನು ಅನುಸರಿಸಿದುದರಿಂದ ಒಬ್ಬರ ತೋಳು ಇನ್ನೊಬ್ಬರ ರೈಸರಿಗೆ ಕೂರುವಂತಾಯಿತು. ಐಎಲ್ಎಫ್ ಎಂಬ ಮೂರಕ್ಷರದಲ್ಲಿ ಅದು ಇಂದು ಪ್ರಸಿದ್ಧ. ಅದೇ ಕಂಪನಿ ಮುಂದೆ ಬೋಲ್ಟಿಗೂ ಗುಬುಟಿಗೂ ಅಂತರ ಹೆಚ್ಚಿಸಿ ಫಾರ್ಮುಲಾ ಎಂಬ ಬೇರೊಂದು ಕ್ರಮವನ್ನು ಹೊರಡಿಸಿತು. ಅವೆರಡೂ ಪರಸ್ಪರ ಹೊಂದುವುದಿಲ್ಲವಾದುದರಿಂದ ಕೊಳ್ಳುವವರು ಕೇಳಿ ಕೊಳ್ಳಬೇಕು. ಗಾಲಿಗಳುಳ್ಳ ಕಾಂಪೌಂಡ್ ಬಿಲ್ಲಿನಲ್ಲಿ ತೋಳುಗಳನ್ನು ಪಾಕೆಟ್ಟಿಗೆ ಬೋಲ್ಟಿನಿಂದ ಕೂರಿಸಿಯೇ ಕೊಡುತ್ತಾರೆ. ಅದನ್ನು ಬಿಡಿಸಲು ಪ್ರೆಸ್ ಎಂಬ ಯಂತ್ರವೇ ಬೇಕು.

1973ರಲ್ಲಿ ಭಾರತದ ಬಿಲ್ವಿದ್ಯಾ ಸಂಘ ಸ್ಥಾಪಿತವಾಯಿತು. 1988ರ ಸೋಲ್ ಒಲಿಂಪಿಕ್ಸಿಗೆ ನಮ್ಮ ಬಿಲ್ಗಾರರು ಮೊದಲ ಸಲ ಹೋದರು. ಇಂಡಿಯನ್ ರೌಂಡ್ ಎಂಬ ಹೆಸರಿನಲ್ಲಿ ಬಿದಿರಿನ ಬಿಲ್ಲಿಗೇ ಮೀಸಲಾದ, 50 ಮತ್ತು 30 ಮೀಟರ್ ದೂರದ ಸ್ಪರ್ಧೆಗಳನ್ನು ಸಂಘವು ಉಳಿಸಿಕೊಂಡಿರುವುದು ವಿವೇಕದ ಕೆಲಸ, ಏಕೆಂದರೆ ಉತ್ತಮ ದರ್ಜೆಯ ರೈಸರು, ತೋಳುಗಳ ಬೆಲೆ ಲಕ್ಷಗಳ ಮಾತು, ಹಳ್ಳಿಯ ಮಕ್ಕಳು ಅಲ್ಲಿಂದಲೇ ಆರಂಭಿಸುವುದು ಆಗದ ಕೆಲಸ. ಇವೆರಡರ ನಡುವೆ ಕಲಿಯುವವರಿಗೆಂದು ಮರದ ರೈಸರಿನ ಅಗ್ಗದ ಬಿಲ್ಲುಗಳುಂಟು; ಅವುಗಳಲ್ಲಿ ತೋಳನ್ನು ಎರಡು ಗೂಟಗಳ ಮೇಲೆ ಕೂರಿಸಿ, ಕೈಯಿಂದಲೇ ತಿರುಗಿಸುವ ದಪ್ಪ ತಲೆಯ ಬೋಲ್ಟಿನಿಂದ ನಿಜವಾಗಿಯೂ ಬಿಗಿಯಲಾಗುತ್ತದೆ. ಸೂಕ್ಷ್ಮಗಳೊಂದೂ ಅಲ್ಲಿಲ್ಲ, ಆದರೆ ತೋಳು ಬದಲಾಯಿಸುವ ಅನುಕೂಲವಿದೆ. ಮಕ್ಕಳು ಹದಿನಾಲ್ಕು, ಹದಿನಾರು ಪೌಂಡಿನಿಂದ ತೊಡಗಿ ಮೈಬಲ ಬೆಳೆದಂತೆ ಎರಡೆರಡು ಪೌಂಡು ಮೇಲೇರಬೇಕಾದವರು. ಪ್ರತಿ ಸಲವೂ ಹೊಸ ಬಿಲ್ಲು ಕೊಳ್ಳಬೇಕೆಂದಿಲ್ಲ, ತೋಳಿನ ಜೊತೆ ಬದಲಾದರೆ ಸಾಕು. ಶ್ರೀನಿವಾಸಪುರದಲ್ಲೋ ಮಾಲೂರಿನಲ್ಲೋ ಒಂದು ಶಾಲೆ ಈ ವಿದ್ಯೆಯನ್ನು ಕಲಿಸಲು ಮನಸ್ಸು ಮಾಡಿದರೆ, ಕೆಲವೇ ರೈಸರುಗಳನ್ನೂ ಬಗೆಬಗೆಯ ಸೆಳೆತದ ತೋಳುಗಳನ್ನೂ ಕೊಂಡು ತರಗತಿಗೆಲ್ಲ ಹಂಚಬಹುದು. ಆದರೆ ತೋಳುಗಳನ್ನು ಬೇಸಿಗೆಯಲ್ಲಿ ಮುಚ್ಚಿದ ಕಾರಿನಲ್ಲಾಗಲಿ ತಗಡಿನ ಸೂರಿನ ಕೆಳಗಾಗಲಿ ಇಡಬಾರದು. ಸೆಕೆಗೆ ಪದರಗಳ ಅಂಟು ಬಿಟ್ಟು ತೋಳು ತಿರುಚಿಕೊಂಡರೆ, ಪಾಕೆಟ್ಟಿನಲ್ಲಿ ಎಷ್ಟು ವಾಷರು ಸರಿಸಿದರೂ ಹೆದೆ ನಡುವಿಗೆ ಬಾರದು.