ಹೆರಿಗೆ ರಜೆ: ವೆಚ್ಚವನ್ನು ಭರಿಸುವವರು ಯಾರು?

ಉದ್ಯೋಗದ ಸಂದರ್ಶನಗಳಲ್ಲಿ ಮಹಿಳಾ ಅಭ್ಯರ್ಥಿಗೆ "ಮದುವೆಯಾಗಿದೆಯೇ? ಮಕ್ಕಳ ವಿಚಾರವೇನು?" ಎಂದು ಕೇಳುವ ರೂಢಿ ಇಂದಿಗೂ ಅಳಿದಿಲ್ಲ. ಕೇಳುವವರಿಗೆ ಅದು ಲೋಕಾಭಿರಾಮದ ಮಾತು. ತನ್ನ ಕೆಲಸ ಆ ಉತ್ತರದ ಮೇಲೆಯೇ ನಿಂತಿದೆಯೆಂಬುದು ಅಭ್ಯರ್ಥಿಗೆ ಮಾತ್ರ ಚೆನ್ನಾಗಿ ಗೊತ್ತು.

ಇಂಥ ಪ್ರಶ್ನೆಯು ನ್ಯಾಯಾಲಯದವರೆಗೂ ಹೋದದ್ದುಂಟು. ಭಾರತೀಯ ಜೀವ ವಿಮಾ ನಿಗಮವು ನೇಮಕಾತಿಯ ವೇಳೆ ಮಹಿಳೆಯರಿಂದ ಪಡೆಯುತ್ತಿದ್ದ ಘೋಷಣಾ ಪತ್ರದಲ್ಲಿ ಋತುಚಕ್ರ, ಗರ್ಭಧಾರಣೆಗಳ ವಿವರ ಕೇಳುವ ಅಂಕಣಗಳಿದ್ದವು. ಪರೀಕ್ಷಾರ್ಥ ಅವಧಿಯಲ್ಲಿದ್ದ ನೌಕರರೊಬ್ಬರು ಹೆರಿಗೆ ರಜೆಯಲ್ಲಿರುವಾಗಲೇ, 1990ರಲ್ಲಿ, ನಿಗಮವು ಅವರನ್ನು ಸೇವೆಯಿಂದ ಬಿಡುಗಡೆ ಮಾಡಿತು. ಘೋಷಣೆಯಲ್ಲಿ ತಪ್ಪು ಮಾಹಿತಿ ಇತ್ತೆಂದು ವಾದಿಸಿತು. 1991ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅವರನ್ನು ಮರಳಿ ಸೇವೆಗೆ ತೆಗೆದುಕೊಳ್ಳಲು ಆದೇಶಿಸಿ, ಆ ಅಂಕಣಗಳನ್ನೇ ಕೈಬಿಡುವಂತೆ ಸೂಚಿಸಿತು. ಅಂಕಣ ಕಾಗದದಿಂದ ಹೋಯಿತು. ಪ್ರಶ್ನೆ ಬಾಯಿಮಾತಿನಲ್ಲಿ ಉಳಿಯಿತು.

ಕಾನೂನಿನಲ್ಲಿ ಸಂದಿಗ್ಧವೇನೂ ಇಲ್ಲ. 1961ರ ಹೆರಿಗೆ ಸೌಲಭ್ಯ ಕಾಯಿದೆಗೆ 2017ರಲ್ಲಿ ತಿದ್ದುಪಡಿಯಾಗಿ, ಮೊದಲ ಎರಡು ಮಕ್ಕಳಿಗೆ ಸವೇತನ ರಜೆ 12 ವಾರಗಳಿಂದ 26 ವಾರಗಳಿಗೆ ಏರಿತು. ಈ ವಿಧಿಗಳು 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಮುಂದುವರಿದಿವೆ. ಹೆರಿಗೆಗೆ ಹಿಂದಿನ 12 ತಿಂಗಳಲ್ಲಿ 80 ದಿನ ದುಡಿದಿದ್ದರೆ ಸಾಕು. ರಜೆಯ ಅವಧಿಯಲ್ಲಿ ಕೆಲಸದಿಂದ ತೆಗೆಯುವುದು ಕಾನೂನುಬಾಹಿರ. ದಿನಗೂಲಿಯವರಿಗೂ ಈ ಹಕ್ಕುಂಟೆಂದು ದೆಹಲಿ ನಗರಪಾಲಿಕೆಯ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2000ದಲ್ಲೇ ಹೇಳಿದೆ.

ಹಾಗಾದರೆ ಮಾಲೀಕರ ಹಿಂಜರಿಕೆ ಏತಕ್ಕೆ? ಲೆಕ್ಕ ನೋಡೋಣ. ಕಾರ್ಮಿಕ ರಾಜ್ಯ ವಿಮೆಗೆ ಒಳಪಟ್ಟ ನೌಕರಳ ಹೆರಿಗೆ ಅವಧಿಯ ವೇತನವನ್ನು ನಿಗಮವೇ ಕೊಡುತ್ತದೆ. ಮಾಲೀಕನು ಅದಕ್ಕಾಗಿ ಪ್ರತಿ ತಿಂಗಳೂ ವಂತಿಗೆ ಕಟ್ಟಿಯೇ ಇರುತ್ತಾನೆ. ಆದುದರಿಂದ ಬೆಂಗಳೂರಿನ ಸಿದ್ಧ ಉಡುಪು ಘಟಕದಲ್ಲಿ ವಿಮೆಗೆ ಒಳಪಟ್ಟ ಗರ್ಭಿಣಿಯನ್ನು ಬಿಡಿಸುವುದಕ್ಕೆ ವೇತನದ ಹೊರೆಯ ನೆಪ ಸಲ್ಲದು. ಅಂಥವರು ಈ ಲೆಕ್ಕವನ್ನು ಒಮ್ಮೆಯೂ ಮಾಡಿರಲಾರರು.

ವೇತನಮಿತಿ ಮೀರಿದವರ ವಿಷಯವೇ ಬೇರೆ. ತಿಂಗಳಿಗೆ 40,000 ರೂ. ಪಡೆಯುವವರ 26 ವಾರಗಳ ವೇತನ ಸುಮಾರು 2.40 ಲಕ್ಷ ರೂ.; ಬದಲಿ ನೌಕರರ ಸಂಬಳ ಬೇರೆ. ಹನ್ನೆರಡು ಜನರ ಸಣ್ಣ ಸಂಸ್ಥೆಗೂ ಸಾವಿರಾರು ಜನರ ಕಂಪನಿಗೂ ಇದೇ ನಿಯಮ. ಹೆರಿಗೆಯ ವೆಚ್ಚವನ್ನು ಮಾಲೀಕನೊಬ್ಬನ ಮೇಲೆಯೇ ಹೊರಿಸಬಾರದೆಂಬುದು 2000ದ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 183ನೆಯ ಒಪ್ಪಂದದ ತತ್ವ. ಭಾರತ ಅದನ್ನು ಅನುಮೋದಿಸಿಲ್ಲ. ಏಳು ವಾರಗಳ ವೇತನವನ್ನು ಮಾಲೀಕರಿಗೆ ಮರುಪಾವತಿಸುವ ಯೋಚನೆಯನ್ನು 2018ರಲ್ಲಿ ಕೇಂದ್ರ ಕಾರ್ಮಿಕ ಸಚಿವಾಲಯವೇ ಮುಂದಿಟ್ಟಿತ್ತು. ವಾಣಿಜ್ಯ ಮಂಡಳಿಗಳು ಪಟ್ಟುಹಿಡಿದು ಕೇಳಬೇಕಾದುದು ಇದನ್ನೇ, ರಜೆಯ ಕಡಿತವನ್ನಲ್ಲ.

ಆ ಬೇಡಿಕೆ ಈಡೇರುವವರೆಗೆ ಕಾಯದೆ ಸದಸ್ಯರು ಮಾಡಬಹುದಾದುದೂ ಇದೆ. ಹೆರಿಗೆ ಸೌಲಭ್ಯಗಳನ್ನು ನೇಮಕಾತಿಯ ವೇಳೆಯಲ್ಲೇ ಲಿಖಿತವಾಗಿ ತಿಳಿಸಬೇಕೆಂದು 2017ರ ತಿದ್ದುಪಡಿ ಹೇಳಿತ್ತು. ತಮ್ಮ ಸಂಸ್ಥೆಯ ನೇಮಕಾತಿ ಪತ್ರದಲ್ಲಿ ಆ ಸಾಲು ಇದೆಯೇ ಎಂಬುದನ್ನು ಓದುಗರು ಈ ವಾರವೇ ಪರಿಶೀಲಿಸಬಹುದು.