ಎಐ ಮಳೆ ಭವಿಷ್ಯಕ್ಕೆ ಅಂಕ ಕೊಡುವವರು ಯಾರು?

ನಮ್ಮ ರಾಯಚೂರು ಜಿಲ್ಲೆಯ ಊರಕಟ್ಟೆಗಳಲ್ಲಿ ಈಗ ಮಳೆ ನಕ್ಷತ್ರಗಳ ಜೊತೆ ಮೊಬೈಲ್ ಆ್ಯಪ್‌ಗಳ ಚರ್ಚೆಯೂ ನಡೆಯುತ್ತದೆ. ಒಂದು ಆ್ಯಪ್ ನಾಳೆ ಮಳೆ ಎಂದರೆ ಇನ್ನೊಂದು ಬಿಸಿಲು ಎನ್ನುತ್ತದೆ. ಸಿಂಧನೂರಿನಲ್ಲಿ ಕೊಯ್ಲಿಗೆ ನಿಂತ ಭತ್ತ, ಮಸ್ಕಿ-ಲಿಂಗಸುಗೂರಿನ ಮಳೆಯಾಶ್ರಿತ ಹೊಲಗಳಲ್ಲಿ ಬಿತ್ತಬೇಕಾದ ತೊಗರಿ, ಎರಡಕ್ಕೂ ಈ ಮಾತು ದುಡ್ಡಿನ ಪ್ರಶ್ನೆ. ಮೊದಲ ಮಳೆ ನಂಬಿ ಬಿತ್ತಿದ ಮೇಲೆ ಅದು ಕೈಕೊಟ್ಟರೆ ಬೀಜ, ಕೂಲಿ ಎಲ್ಲವೂ ಮತ್ತೊಮ್ಮೆ ಖರ್ಚು. ಹಾಗಾದರೆ ಯಾವುದನ್ನು ನಂಬುವುದು?

ವಿಜ್ಞಾನಿಗಳಿಗೂ ಇದೇ ಪ್ರಶ್ನೆ ಎದುರಾಯಿತು. 2020ರಲ್ಲಿ ಸ್ಟೀಫನ್ ರಾಸ್ಪ್ ಮತ್ತು ಸಂಗಡಿಗರು ‘ವೆದರ್‌ಬೆಂಚ್’ ಎಂಬ ಸಾಮಾನ್ಯ ಪರೀಕ್ಷೆಯನ್ನು ರೂಪಿಸಿದರು. ಎಲ್ಲ ಮಾದರಿಗಳಿಗೂ ಒಂದೇ ಪ್ರಶ್ನೆಪತ್ರಿಕೆ, ಒಂದೇ ಅಂಕಪದ್ಧತಿ. 2023ರ ‘ವೆದರ್‌ಬೆಂಚ್ 2’ರಲ್ಲಿ ಗ್ರಾಫ್‌ಕಾಸ್ಟ್, ಪಾಂಗು-ವೆದರ್‌ನಂಥ ಎಐ ಮಾದರಿಗಳು ಯುರೋಪಿನ ಹವಾಮಾನ ಕೇಂದ್ರದ ಸಾಂಪ್ರದಾಯಿಕ ಮಾದರಿಯ ಪಕ್ಕದಲ್ಲೇ ಕೂತು ಪರೀಕ್ಷೆ ಬರೆದವು. ಅದರ ದತ್ತಾಂಶ, ಕೋಡ್ ಎರಡೂ ಯಾರಿಗಾದರೂ ಉಚಿತ.

ಅಂಕ ಕೊಡುವುದು ಮಾತ್ರ ಸುಲಭವಲ್ಲ. ಒಂದು ಊರಿನಲ್ಲಿ ವರ್ಷಕ್ಕೆ 50 ದಿನ ಮಳೆಯಾಗುತ್ತದೆ ಎಂದಿಟ್ಟುಕೊಳ್ಳಿ. ದಿನಾ ‘ಮಳೆ ಇಲ್ಲ’ ಎಂದೇ ಹೇಳುವ ಆ್ಯಪ್ 315 ದಿನ ಸರಿ. ಅಂದರೆ ಶೇ 86 ಅಂಕ! ಆದರೆ ರೈತನಿಗೆ ಅದು ಸೊನ್ನೆ. 1884ರಲ್ಲೇ ಅಮೆರಿಕದ ಫಿನ್ಲೆ ತಮ್ಮ ಸುಂಟರಗಾಳಿ ಮುನ್ಸೂಚನೆ ಶೇ 96ಕ್ಕಿಂತ ಹೆಚ್ಚು ನಿಖರ ಎಂದಿದ್ದರು. ‘ಸುಂಟರಗಾಳಿ ಇಲ್ಲ’ ಎಂದೇ ಹೇಳುತ್ತಾ ಹೋಗಿದ್ದರೆ ಶೇ 98 ಬರುತ್ತಿತ್ತು ಎಂದು ಗಿಲ್ಬರ್ಟ್ ಎಂಬುವರು ತೋರಿಸಿಕೊಟ್ಟರು. ಬಂದ ಮಳೆಯಲ್ಲಿ ಎಷ್ಟನ್ನು ಮೊದಲೇ ಹೇಳಿತು, ಹೇಳಿದ್ದರಲ್ಲಿ ಎಷ್ಟು ಸುಳ್ಳಾಯಿತು ಎಂಬ ಎರಡು ಲೆಕ್ಕಗಳೂ ಬೇಕು.

ಇದು ದೂರದ ವಿಷಯವೇನಲ್ಲ. 2025ರ ಮುಂಗಾರಿನಲ್ಲಿ ಕೇಂದ್ರ ಕೃಷಿ ಸಚಿವಾಲಯ 13 ರಾಜ್ಯಗಳ ಸುಮಾರು 3.8 ಕೋಟಿ ರೈತರಿಗೆ ಎಐ ಆಧಾರಿತ ಮುಂಗಾರು ಆಗಮನದ ಮುನ್ಸೂಚನೆಯನ್ನು ಎಸ್‌ಎಂಎಸ್ ಮೂಲಕ ಕಳಿಸಿತು. ಗೂಗಲ್‌ನ ನ್ಯೂರಲ್‌ಜಿಸಿಎಂ, ಯುರೋಪಿನ ಎಐಎಫ್‌ಎಸ್ ಮತ್ತು ಭಾರತೀಯ ಹವಾಮಾನ ಇಲಾಖೆಯ 125 ವರ್ಷಗಳ ಮಳೆ ದಾಖಲೆಯನ್ನು ಸೇರಿಸಿ ಅದನ್ನು ತಯಾರಿಸಲಾಗಿತ್ತು. ಹಳೆಯ ವರ್ಷಗಳ ಮುಂಗಾರಿನ ಮೇಲೆ ಮೊದಲೇ ಪರೀಕ್ಷೆಯೂ ನಡೆದಿತ್ತು.

ನಮ್ಮ ಭಾಗಕ್ಕೆ ಇನ್ನೊಂದು ತೊಡಕಿದೆ. ಇಂಥ ಜಾಗತಿಕ ಮಾದರಿಗಳಲ್ಲಿ ಹಲವು ಭೂಮಿಯನ್ನು ಸುಮಾರು 28 ಕಿ.ಮೀ. ಚೌಕಗಳಾಗಿ ನೋಡುತ್ತವೆ. ಸಿಂಧನೂರು, ಮಸ್ಕಿ, ಲಿಂಗಸುಗೂರು ಪಟ್ಟಣಗಳು ಎರಡು-ಮೂರು ಚೌಕಗಳಲ್ಲೇ ಮುಗಿದುಹೋಗುತ್ತವೆ. ಹಳ್ಳದ ಈಚೆ ಮಳೆ, ಆಚೆ ಬಿಸಿಲು ಎಂಬುದು ಅವಕ್ಕೆ ಕಾಣದು. ವೆದರ್‌ಬೆಂಚ್‌ನ ಬಹುಪಾಲು ‘ಸರಿಯುತ್ತರ’ವೂ ಕಂಪ್ಯೂಟರ್ ಲೆಕ್ಕ ಹಾಕಿ ತುಂಬಿದ್ದೇ ಹೊರತು ಮಳೆಮಾಪಕದ ನೀರಲ್ಲ.

ಆ ನೀರಿನ ಲೆಕ್ಕ ನಮ್ಮಲ್ಲಿದೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಆರು ಸಾವಿರಕ್ಕೂ ಹೆಚ್ಚು ಮಳೆಮಾಪಕಗಳನ್ನು ಅಳವಡಿಸಿದೆ. ಮೂರೂ ತಾಲ್ಲೂಕುಗಳ ಕಾಲೇಜು ವಿದ್ಯಾರ್ಥಿಗಳು ಕೈಜೋಡಿಸಿದರೆ ಈ ಅಂಕಿಗಳ ಪಕ್ಕದಲ್ಲಿ ಮಾದರಿಗಳ ಹೇಳಿಕೆಯನ್ನಿಟ್ಟು ಒಂದು ಹಂಗಾಮಿನ ಅಂಕಪಟ್ಟಿ ಸಿದ್ಧಪಡಿಸಬಹುದು. ಬೇಕಾಗುವುದು ಒಂದಿಷ್ಟು ಪೈಥಾನ್, ಪದವಿ ಮಟ್ಟದ ಸಂಖ್ಯಾಶಾಸ್ತ್ರ, ಬಿಟ್ಟುಬಿಡದ ತಾಳ್ಮೆ. ಯಾವ ದಿನ, ಯಾವ ಮಿತಿಯ ಮಳೆ ಎಂಬ ನಿಯಮವನ್ನು ಮೊದಲೇ ಬರೆದಿಟ್ಟುಕೊಳ್ಳಬೇಕು; ಫಲಿತಾಂಶ ನೋಡಿ ಬದಲಿಸಬಾರದು.

ಸಂದರ್ಶನದಲ್ಲಿ ‘ಏನು ಮಾಡಿದ್ದೀರಿ?’ ಎಂದು ಕೇಳಿದಾಗ ತೋರಿಸಲು ಇದು ಸರ್ಟಿಫಿಕೇಟಿಗಿಂತ ಗಟ್ಟಿ ಕೆಲಸ. ಅದಕ್ಕಿಂತ ಮುಖ್ಯವಾಗಿ, ಬಿತ್ತಲೇ ಬೇಡವೇ ಎಂದು ಕೇಳುವ ಅಪ್ಪನಿಗೆ ‘ಆ್ಯಪ್ ಹೇಳ್ತಿದೆ’ ಎನ್ನುವ ಬದಲು ‘ಇದು ನಮ್ಮೂರಲ್ಲಿ ಹತ್ತಕ್ಕೆ ಇಷ್ಟು ಸಲ ನಿಜವಾಗಿದೆ’ ಎಂದು ಹೇಳಬಹುದು.